ಮೊಲ, ತೋಳ, ಹಿಮ: ಉತ್ತರದ ಕಾಡುಗಳು ನೂರು ವರ್ಷಗಳಲ್ಲಿ ಕಲಿಸಿದ್ದು

ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ 2005ರ ಚಳಿಗಾಲದಿಂದ ತೋಳಗಳನ್ನು ಹೆಲಿಕಾಪ್ಟರ್‌ನಿಂದ ಗುಂಡಿಟ್ಟು ಕೊಲ್ಲಲಾಗುತ್ತಿದೆ. ಸುಮಾರು ಹತ್ತು ವರ್ಷಗಳ ನಂತರ ಪಕ್ಕದ ಬ್ರಿಟಿಷ್ ಕೊಲಂಬಿಯಾ ಕೂಡ ಅದೇ ದಾರಿ ಹಿಡಿಯಿತು. ಇದು ತೊಗಲಿಗಾಗಿ ನಡೆಯುತ್ತಿರುವ ಬೇಟೆಯಲ್ಲ, ದನಕರುಗಳನ್ನು ಕಾಪಾಡಲು ನಡೆಯುತ್ತಿರುವುದೂ ಅಲ್ಲ. ಅಳಿವಿನಂಚಿಗೆ ಬಂದಿರುವ ಕಾರಿಬೂ ಎಂಬ ಜಿಂಕೆ ಜಾತಿಯ ಪ್ರಾಣಿಯನ್ನು ಉಳಿಸಲು ಸರ್ಕಾರಗಳೇ ಕೈಗೊಂಡ ಕ್ರಮ. ಒಂದು ವನ್ಯಜೀವಿಗಾಗಿ ಇನ್ನೊಂದನ್ನು ಕೊಲ್ಲುವುದು ಸರಿಯೇ ಎಂಬ ನೈತಿಕ ಪ್ರಶ್ನೆ ಅಲ್ಲಿ ಜನರನ್ನು ಎರಡು ಪಾಳಯಗಳಾಗಿ ಒಡೆದಿದೆ. ಆದರೆ ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಇನ್ನೊಂದಿದೆ. ಬಲಿಪ್ರಾಣಿಯ ಸಂಖ್ಯೆಯನ್ನು ನಿರ್ಧರಿಸುವುದು ಅದನ್ನು ತಿನ್ನುವ ಪ್ರಾಣಿಯೇ, ಅದು ತಿನ್ನುವ ಮೇವೇ, ಅಥವಾ ಇವೆರಡನ್ನೂ ಮೀರಿದ ಬೇರೇನಾದರೂ ಇದೆಯೇ?

ಈ ಪ್ರಶ್ನೆಯನ್ನು ಅತಿ ಹೆಚ್ಚು ಕಾಲ, ಅತಿ ಹೆಚ್ಚು ಶ್ರದ್ಧೆಯಿಂದ ಕೆದಕಿರುವುದು ಭೂಗೋಳದ ಉತ್ತರದ ತುದಿಯಲ್ಲಿ. ಅದಕ್ಕೆ ಕಾರಣವಿದೆ. ನಮ್ಮ ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಇವೆ. ಅವುಗಳ ಪಾಲಿಗೆ ಕಾಟಿ, ಕಡವೆ, ಜಿಂಕೆ, ಕಾಡುಹಂದಿ, ಕಾಡುಕುರಿಗಳಿವೆ. ಒಂದು ಕಡಿಮೆಯಾದರೆ ಇನ್ನೊಂದು ಸಿಗುತ್ತದೆ. ಅಲ್ಲಿ ಯಾರ ಏರಿಳಿತಕ್ಕೆ ಯಾರು ಹೊಣೆ ಎಂದು ಬಿಡಿಸಿ ಹೇಳುವುದು ಕಷ್ಟ. ಉತ್ತರದ ಕಾಡಿನಲ್ಲಿ ಆಯ್ಕೆಗಳು ಕಡಿಮೆ. ಅಲ್ಲಿನ ಲಿಂಕ್ಸ್ ಎಂಬ ಕಾಡುಬೆಕ್ಕು ಬದುಕಿರುವುದು ಹೆಚ್ಚುಕಮ್ಮಿ ಒಂದೇ ಜಾತಿಯ ಮೊಲವನ್ನು ನಂಬಿ. ಹಾಗಾಗಿ ಒಬ್ಬರ ಕಷ್ಟ ಇನ್ನೊಬ್ಬರ ಲೆಕ್ಕದಲ್ಲಿ ನೇರವಾಗಿ ಕಾಣಿಸಿಕೊಳ್ಳುತ್ತದೆ.

ತುಪ್ಪಳದ ಲೆಕ್ಕದಲ್ಲಿ ಸಿಕ್ಕ ಲಯ

1670ರಲ್ಲಿ ಹುಟ್ಟಿದ ಹಡ್ಸನ್ಸ್ ಬೇ ಕಂಪನಿ ಕೆನಡಾದ ಮೂಲೆಮೂಲೆಗಳಿಂದ ತುಪ್ಪಳದ ತೊಗಲುಗಳನ್ನು ಕೊಂಡು ಲಂಡನ್ನಿಗೆ ಸಾಗಿಸುತ್ತಿತ್ತು. ಯಾವ ವರ್ಷ, ಯಾವ ಠಾಣೆಯಿಂದ, ಯಾವ ಪ್ರಾಣಿಯ ಎಷ್ಟು ತೊಗಲು ಬಂತು ಎಂಬುದನ್ನೆಲ್ಲ ಗುಮಾಸ್ತರು ಬರೆದಿಟ್ಟರು. ಅವರು ಬರೆದದ್ದು ವ್ಯಾಪಾರಕ್ಕಾಗಿ. ಅದರೊಳಗೆ ಕಾಡಿನ ಲಯವಿದೆ ಎಂದು ಗುರುತಿಸಿದವರಲ್ಲಿ ಮುಖ್ಯರು ಆಕ್ಸ್‌ಫರ್ಡಿನ ಪ್ರಾಣಿಶಾಸ್ತ್ರಜ್ಞ ಚಾರ್ಲ್ಸ್ ಎಲ್ಟನ್. ಸ್ಪಿಟ್ಸ್‌ಬರ್ಗೆನ್ ದ್ವೀಪಗಳಿಗೆ ಹೋದ ಸಂಶೋಧನಾ ತಂಡಗಳಲ್ಲಿದ್ದ ಅವರಿಗೆ ನಾರ್ವೆಯ ಸಸ್ತನಿಗಳ ಬಗೆಗಿನ ಪುಸ್ತಕವೊಂದು ಸಿಕ್ಕಿತು. ಲೆಮ್ಮಿಂಗ್ ಎಂಬ ಪುಟ್ಟ ದಂಶಕಗಳು ಕೆಲವು ವರ್ಷಗಳಿಗೊಮ್ಮೆ ಲೆಕ್ಕವಿಲ್ಲದಷ್ಟು ಹೆಚ್ಚಿ ಆಮೇಲೆ ಇಲ್ಲವಾಗುವ ವಿವರ ಅದರಲ್ಲಿತ್ತು. ಪ್ರಾಣಿಗಳ ಸಂಖ್ಯೆ ಸ್ಥಿರವಾಗಿರುತ್ತದೆ ಎಂಬ ಅಂದಿನ ನಂಬಿಕೆಯನ್ನು ಎಲ್ಟನ್ 1924ರ ತಮ್ಮ ಲೇಖನದಲ್ಲಿ ಪ್ರಶ್ನಿಸಿದರು. ಮರುವರ್ಷದಿಂದ ಹಡ್ಸನ್ಸ್ ಬೇ ಕಂಪನಿಗೆ ಸಲಹೆಗಾರರಾದರು. ಅದರ ಕಡತಗಳು ಅವರ ಕೈಗೆ ಬಂದವು.

1942ರಲ್ಲಿ ಎಲ್ಟನ್ ಮತ್ತು ಮೇರಿ ನಿಕಲ್ಸನ್ ಪ್ರಕಟಿಸಿದ ಲಿಂಕ್ಸ್ ಲೆಕ್ಕ ಇಂದಿಗೂ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳ ಕೈಯಲ್ಲಿದೆ. ಮೆಕೆಂಜಿ ನದಿ ಸೀಮೆಯಲ್ಲಿ 1821ರಿಂದ 1934ರವರೆಗೆ ಒಂದು ವರ್ಷದಲ್ಲಿ ಸಿಕ್ಕ ಅತಿ ಹೆಚ್ಚಿನ ಸಂಖ್ಯೆ 6,991; ಅತಿ ಕಡಿಮೆ 39. ಆ ಏರಿಳಿತ ಮನಬಂದಂತೆ ಆದದ್ದಲ್ಲ. ಸುಮಾರು ಹತ್ತು ವರ್ಷಕ್ಕೊಮ್ಮೆ ಶಿಖರ, ನಡುವೆ ಕಣಿವೆ.

ಅದೇ ದಶಕಗಳಲ್ಲಿ ಈ ಲಯಕ್ಕೆ ಗಣಿತದ ವಿವರಣೆಯೂ ಸಿದ್ಧವಾಯಿತು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಕಡಿಮೆಯಾದಾಗ ಬಲೆಗೆ ಬಿದ್ದವುಗಳಲ್ಲಿ ಬೇಟೆಗಾರ ಮೀನುಗಳ ಪಾಲು ಹೆಚ್ಚಾದುದನ್ನು ಉಂಬರ್ಟೊ ದಾಂಕೋನಾ ಗಮನಿಸಿದ್ದರು. ಅದರ ಕಾರಣ ಹುಡುಕುತ್ತ ಇಟಲಿಯ ಗಣಿತಜ್ಞ ವಿಟೊ ವೋಲ್ಟೆರಾ 1926ರಲ್ಲಿ ಎರಡು ಸಮೀಕರಣಗಳನ್ನು ಬರೆದರು. ಅಮೆರಿಕದ ಆಲ್ಫ್ರೆಡ್ ಲೋಟ್ಕಾ ಹಿಂದಿನ ವರ್ಷವೇ ಅವನ್ನು ತಲುಪಿದ್ದರು. ಬಲಿಪ್ರಾಣಿ ಹೆಚ್ಚಿದರೆ ಬೇಟೆಗಾರ ಹೆಚ್ಚುತ್ತದೆ; ಬೇಟೆಗಾರ ಹೆಚ್ಚಿದರೆ ಬಲಿಪ್ರಾಣಿ ಕುಗ್ಗುತ್ತದೆ; ಆಗ ಬೇಟೆಗಾರ ಹಸಿದು ಕುಗ್ಗುತ್ತದೆ; ಬಲಿಪ್ರಾಣಿ ಮತ್ತೆ ಏಳುತ್ತದೆ. ಹೊರಗಿನ ಯಾವ ಕಾರಣವೂ ಬೇಕಿಲ್ಲ. ಲಿಂಕ್ಸ್ ಮತ್ತು ಮೊಲದ ಕಥೆ ಈ ಸಮೀಕರಣದ ಜೀವಂತ ಉದಾಹರಣೆಯಾಗಿ ಪಠ್ಯಪುಸ್ತಕಗಳಲ್ಲಿ ನೆಲೆಯೂರಿತು.

ಆದರೆ ಈ ಹೊಂದಾಣಿಕೆಯಲ್ಲಿ ತೊಡಕಿತ್ತು. 1973ರಲ್ಲಿ ಮೈಕಲ್ ಗಿಲ್ಪಿನ್ ಆ ಅಂಕಿಗಳನ್ನು ಸಮೀಕರಣಕ್ಕೆ ಒಡ್ಡಿ ನೋಡಿದಾಗ ಕೆಲವು ದಶಕಗಳಲ್ಲಿ ಲಿಂಕ್ಸ್ ಮೊದಲು ಏರಿ, ಮೊಲ ಆಮೇಲೆ ಏರಿದಂತೆ ಕಂಡಿತು. ಅದನ್ನು ಅಕ್ಷರಶಃ ನಂಬಿದರೆ ಮೊಲಗಳೇ ಲಿಂಕ್ಸ್‌ಗಳನ್ನು ತಿನ್ನುತ್ತಿವೆ ಎನ್ನಬೇಕಾಗುತ್ತದೆ. ಮೊಲದ ಅಂಕಿಗಳೂ ಲಿಂಕ್ಸ್‌ನ ಅಂಕಿಗಳೂ ಬೇರೆಬೇರೆ ಪ್ರದೇಶಗಳಿಂದ ಬಂದಿದ್ದವು. ತೊಗಲಿನ ಲೆಕ್ಕ ಕಾಡಿನಲ್ಲಿದ್ದ ಪ್ರಾಣಿಗಳ ಲೆಕ್ಕವಷ್ಟೇ ಅಲ್ಲ, ಬೋನು ಇಡುವವರ ಶ್ರಮದ ಮತ್ತು ಮಾರುಕಟ್ಟೆಯ ಬೆಲೆಯ ಲೆಕ್ಕವೂ ಹೌದು. ಕಡತ ಲಯವನ್ನು ತೋರಿಸಿತು, ಅದರ ಕಾರಣವನ್ನು ತೋರಿಸಲಿಲ್ಲ. ಕಾರಣ ತಿಳಿಯಬೇಕಾದರೆ ಕಾಡಿಗೇ ಹೋಗಬೇಕಿತ್ತು.

ಕ್ಲುವಾನಿಯ ಬೇಲಿ

ಕೆನಡಾದ ವಾಯವ್ಯ ಮೂಲೆಯ ಯೂಕಾನ್ ಪ್ರದೇಶದಲ್ಲಿ ಕ್ಲುವಾನಿ ಎಂಬ ಸರೋವರವಿದೆ. ಸುತ್ತ ಸ್ಪ್ರೂಸ್ ಮರಗಳ ಕಾಡು, ವಿಲ್ಲೋ ಮತ್ತು ಬರ್ಚ್ ಪೊದೆಗಳು. ಅಲ್ಲಿನ ಮೊಲಕ್ಕೆ ಸ್ನೋಶೂ ಮೊಲ ಎಂದು ಹೆಸರು. ಹಿಮದಲ್ಲಿ ಹೂತುಹೋಗದಂಥ ಅಗಲವಾದ ಹಿಂಗಾಲುಗಳು. ಬೇಸಿಗೆಯಲ್ಲಿ ಕಂದು, ಚಳಿಗಾಲದಲ್ಲಿ ಬಿಳಿ. 8ರಿಂದ 11 ವರ್ಷಗಳ ಒಂದೊಂದು ಸುತ್ತಿನಲ್ಲಿ ಇದರ ಸಂಖ್ಯೆ ಹತ್ತಾರು ಪಟ್ಟು ಏರಿ ಇಳಿಯುತ್ತದೆ. ಚಾರ್ಲ್ಸ್ ಕ್ರೆಬ್ಸ್, ಟೋನಿ ಸಿಂಕ್ಲೇರ್, ಸ್ಟ್ಯಾನ್ ಬೌಟಿನ್, ರೂಡಿ ಬೂನ್‌ಸ್ಟ್ರಾ ಮೊದಲಾದವರು 1986ರಿಂದ 1996ರವರೆಗೆ, ಅಂದರೆ ಒಂದು ಇಡೀ ಸುತ್ತು ಮುಗಿಯುವವರೆಗೆ, ಇಲ್ಲಿ ಬೃಹತ್ ಪ್ರಯೋಗವೊಂದನ್ನು ನಡೆಸಿದರು.

ಪ್ರಯೋಗದ ಹಿಂದಿನ ವಿಚಾರ ಸರಳ. ಒಂದೊಂದು ಚದರ ಕಿಲೋಮೀಟರಿನ ತಾಕುಗಳನ್ನು ಗುರುತಿಸಿದರು. ಕೆಲವನ್ನು ಇದ್ದ ಹಾಗೆಯೇ ಬಿಟ್ಟರು. ಕೆಲವಕ್ಕೆ ವರ್ಷವಿಡೀ ಮೊಲದ ಆಹಾರದ ಉಂಡೆಗಳನ್ನು ಹಾಕಿದರು. ಇನ್ನೊಂದಕ್ಕೆ ವಿದ್ಯುತ್ ಬೇಲಿ ಕಟ್ಟಿದರು. ಮೊಲ ಅದರ ಕಂಡಿಗಳಲ್ಲಿ ನುಸುಳಬಲ್ಲದು, ಲಿಂಕ್ಸ್ ಮತ್ತು ತೋಳದ ಜಾತಿಯ ಕಾಯೋಟಿ ಒಳಗೆ ಬರಲಾರವು. ಮತ್ತೊಂದಕ್ಕೆ ಬೇಲಿಯೂ ಇತ್ತು, ಆಹಾರವೂ ಇತ್ತು. ಬೇರೆ ತಾಕುಗಳಿಗೆ ವಿಮಾನದಿಂದ ಗೊಬ್ಬರ ಚೆಲ್ಲಿದರು. ಬರೆಯಲು ಸುಲಭ, ಆದರೆ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಹಿಮ ಬಿದ್ದು ತಂತಿ ಹೂತುಹೋಗುವ ಕಡೆ, ಬೇಲಿಯಲ್ಲಿ ವಿದ್ಯುತ್ ಹರಿಯುತ್ತಲೇ ಇರುವಂತೆ ವರ್ಷಗಟ್ಟಲೆ ನೋಡಿಕೊಂಡವರ ದುಡಿಮೆ ಸಣ್ಣದಲ್ಲ.

1995ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಸಂಖ್ಯೆಯ ಶಿಖರದಲ್ಲೂ ಕುಸಿತದಲ್ಲೂ, ಬೇಲಿ ಹಾಕಿದ ತಾಕಿನಲ್ಲಿ ಮೊಲಗಳು ಸಹಜ ತಾಕಿಗಿಂತ ಸುಮಾರು 2 ಪಟ್ಟಿದ್ದವು. ಆಹಾರ ಕೊಟ್ಟಲ್ಲಿ 3 ಪಟ್ಟು. ಎರಡೂ ಇದ್ದಲ್ಲಿ 5 ಪಟ್ಟೋ 6 ಪಟ್ಟೋ ಅಲ್ಲ, 11 ಪಟ್ಟು. ಗೊಬ್ಬರದಿಂದ ಗಿಡಗಳು ಸೊಂಪಾಗಿ ಬೆಳೆದವು, ಆದರೆ ಮೊಲಗಳಿಗೆ ಅದರಿಂದ ಹೆಚ್ಚೇನೂ ಲಾಭವಾಗಲಿಲ್ಲ.

ಹನ್ನೊಂದು ಎಂಬ ಆ ಅಂಕಿ ಹಳೆಯ ವಾದದ ದಿಕ್ಕನ್ನೇ ಬದಲಿಸಿತು. ಮೇವೋ ಬೇಟೆಗಾರನೋ ಎಂದು ಎರಡರಲ್ಲಿ ಒಂದನ್ನು ಆರಿಸುವಂತಿಲ್ಲ. ಅವು ಒಂದರ ಮೇಲೊಂದು ಕೆಲಸ ಮಾಡುತ್ತವೆ. ರೇಡಿಯೋ ಕಾಲರ್ ಹಾಕಿದ ಮೊಲಗಳಲ್ಲಿ ಹಸಿವಿನಿಂದ ಸತ್ತವು ಅತಿ ವಿರಳ. ಬಹುಪಾಲು ಸತ್ತದ್ದು ಲಿಂಕ್ಸ್, ಕಾಯೋಟಿ, ಕೊಂಬಿನ ಗೂಬೆ, ಗಿಡುಗಗಳ ಬಾಯಿಗೆ. ಹಾಗಿದ್ದೂ ಆಹಾರ ಕೊಟ್ಟಾಗ ಮೊಲ ಹೆಚ್ಚಿತು. ಹುಟ್ಟಿದ ಮರಿಗಳ ಪಾಲಿಗೆ ದೊಡ್ಡ ಬೇಟೆಗಾರ ಲಿಂಕ್ಸ್ ಅಲ್ಲವೇ ಅಲ್ಲ, ಕೆಂಪಳಿಲು ಮತ್ತು ನೆಲದಳಿಲುಗಳು ಎಂಬುದೂ ಇಲ್ಲಿಯೇ ಬಯಲಾಯಿತು. ಸೊಪ್ಪುಬೀಜ ತಿನ್ನುವ ಸಾಧುಗಳೆಂದು ನಾವು ಭಾವಿಸುವ ಪ್ರಾಣಿಗಳೂ ಈ ಜಾಲದಲ್ಲಿ ಬೇಟೆಗಾರರೇ.

ನಾರ್ವೆಯ ನಿಲ್ಸ್ ಸ್ಟೆನ್ಸೆತ್ ಮತ್ತು ಸಂಗಡಿಗರು 1997ರಲ್ಲಿ ಹಳೆಯ ಅಂಕಿಸರಣಿಗಳನ್ನು ಹೊಸ ವಿಧಾನಗಳಿಂದ ಪರೀಕ್ಷಿಸಿದಾಗ ಇದೇ ಮಾತು ಬೇರೊಂದು ದಾರಿಯಲ್ಲಿ ಹೊರಬಂತು. ಲಿಂಕ್ಸ್‌ನ ಏರಿಳಿತವನ್ನು ವಿವರಿಸಲು ಎರಡು ಮಟ್ಟ ಸಾಕು: ಲಿಂಕ್ಸ್ ಮತ್ತು ಮೊಲ. ಮೊಲದ ಏರಿಳಿತಕ್ಕೆ ಮೂರು ಮಟ್ಟ ಬೇಕು: ಗಿಡ, ಮೊಲ, ಮತ್ತು ಮೊಲವನ್ನು ತಿನ್ನುವ ಎಲ್ಲ ಪ್ರಾಣಿಗಳು. ನಡುವೆ ಇರುವವನ ಬದುಕು ಮೇಲಿನಿಂದಲೂ ಕೆಳಗಿನಿಂದಲೂ ಅಳೆಯಲ್ಪಡುತ್ತದೆ.

ತಾಯಿಯಿಂದ ಮರಿಗೆ ದಾಟುವ ಭಯ

ಇಷ್ಟಾದರೂ ಒಂದು ಒಗಟು ಉಳಿದಿತ್ತು. ಮೊಲಗಳು ಕುಸಿದ ಮೇಲೆ ಒಂದೆರಡು ವರ್ಷಗಳಲ್ಲಿ ಲಿಂಕ್ಸ್‌ಗಳೂ ಕುಸಿಯುತ್ತವೆ. ಕೆಲವು ಆಹಾರ ಹುಡುಕುತ್ತ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತವೆ. ಪೊದೆಗಳು ಮತ್ತೆ ಚಿಗುರುತ್ತವೆ. ಆದರೂ ಮೊಲಗಳು ಕೂಡಲೇ ಚೇತರಿಸಿಕೊಳ್ಳುವುದಿಲ್ಲ. ಸಂಖ್ಯೆ ಏರುವ ವರ್ಷಗಳಲ್ಲಿ ಹೆಣ್ಣು ಮೊಲ ಒಂದೇ ಬೇಸಿಗೆಯಲ್ಲಿ ನಾಲ್ಕು ಸಲದವರೆಗೂ ಮರಿ ಹಾಕುತ್ತದೆ; ಇಳಿಯುವ ವರ್ಷಗಳಲ್ಲಿ ಅದು ಎರಡಕ್ಕೆ ಬರುತ್ತದೆ. ಮೇವು ಇದ್ದರೂ ಯಾಕೆ ಹೀಗೆ?

ರೂಡಿ ಬೂನ್‌ಸ್ಟ್ರಾ ಮುಂದಿಟ್ಟ ಉತ್ತರ: ಭಯ. ಬೇಟೆಗಾರರು ಹೆಚ್ಚಿರುವ ವರ್ಷಗಳಲ್ಲಿ ಮೊಲದ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರಿರುತ್ತದೆ. ಮೈಕಲ್ ಶೆರಿಫ್ ಇದನ್ನು ಪ್ರಯೋಗದಿಂದ ಪರೀಕ್ಷಿಸಿದರು. ಆವರಣದಲ್ಲಿದ್ದ ಬಸುರಿ ಮೊಲಗಳ ಬಳಿಗೆ ತರಬೇತಾದ ನಾಯಿಯೊಂದನ್ನು ಒಂದೆರಡು ನಿಮಿಷ ಬಿಟ್ಟು, ಮುಟ್ಟಲು ಬಿಡದೆ ವಾಪಸು ಕರೆದುಕೊಳ್ಳುತ್ತಿದ್ದರು. ಕೆಲವು ದಿನಗಳ ಕಾಲ ಹೀಗೆ ನಡೆಯಿತು, ಅಷ್ಟೇ. ಒಂದು ಮೊಲಕ್ಕೂ ಗಾಯವಾಗಲಿಲ್ಲ. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬೆದರಿದ ತಾಯಂದಿರು ಹೆತ್ತ ಮರಿಗಳು ಕಡಿಮೆ. ಹುಟ್ಟಿದವು ತೂಕದಲ್ಲೂ ಗಾತ್ರದಲ್ಲೂ ಚಿಕ್ಕವು. ತಾಯಿಯ ಒತ್ತಡದ ಗುರುತು ಮರಿಗಳಲ್ಲೂ ಕಾಣುತ್ತದೆಂದು ಮುಂದಿನ ಕೆಲಸ ತೋರಿಸಿತು. ಲಿಂಕ್ಸ್ ಕಾಡು ಬಿಟ್ಟು ಹೋದ ಮೇಲೂ ಅದರ ಪರಿಣಾಮ ಮುಂದಿನ ತಲೆಮಾರಿನಲ್ಲಿ ಉಳಿದಿರುತ್ತದೆ. ಬೇಟೆಗಾರ ಪ್ರಾಣಿಯ ಪ್ರಭಾವವನ್ನು ಅದು ಕೊಂದ ಹೆಣಗಳ ಲೆಕ್ಕದಿಂದ ಮಾತ್ರ ಅಳೆಯುವುದು ತಪ್ಪು ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಹಿಮ ಎಂಬ ಮೂರನೆಯ ಪಕ್ಷ

ಲೆಮ್ಮಿಂಗ್‌ಗಳ ಹೆಸರು ಕೇಳಿದೊಡನೆ ಅನೇಕರಿಗೆ ಸಾಮೂಹಿಕ ಆತ್ಮಹತ್ಯೆ ನೆನಪಾಗುತ್ತದೆ. ಅದು ಸುಳ್ಳು. 1958ರ ಡಿಸ್ನಿ ಚಿತ್ರ ‘ವೈಟ್ ವೈಲ್ಡರ್‌ನೆಸ್’ಗಾಗಿ ಬೇರೆಡೆಯಿಂದ ತಂದ ಲೆಮ್ಮಿಂಗ್‌ಗಳನ್ನು ಆಲ್ಬರ್ಟಾದಲ್ಲಿ ನೀರಿಗೆ ದೂಡಿ ಆ ದೃಶ್ಯ ಚಿತ್ರಿಸಲಾಗಿತ್ತು. ಅವುಗಳ ಸಂಖ್ಯೆ ಕುಸಿಯಲು ನಿಜವಾದ ಕಾರಣ ಗ್ರೀನ್‌ಲ್ಯಾಂಡಿನ ಕಣಿವೆಯೊಂದರಲ್ಲಿ ಸ್ಪಷ್ಟವಾಯಿತು. ಅಲ್ಲಿ ಲೆಮ್ಮಿಂಗನ್ನು ತಿನ್ನುವ ಮುಖ್ಯ ಪ್ರಾಣಿಗಳು ನಾಲ್ಕೇ: ಸ್ಟೋಟ್ ಎಂಬ ಸಪೂರ ಮೈಯ ಬೇಟೆಗಾರ, ಹಿಮನರಿ, ಹಿಮಗೂಬೆ, ಉದ್ದಬಾಲದ ಸ್ಕುವಾ ಹಕ್ಕಿ. ಒಲಿವಿಯೆ ಗಿಲ್ಗ್, ಇಲ್ಕಾ ಹನ್‌ಸ್ಕಿ ಮತ್ತು ಬೆನೊಯಿ ಸಿಟ್ಲರ್ 2003ರಲ್ಲಿ ತೋರಿಸಿದಂತೆ, ಸ್ಟೋಟ್ ಲೆಮ್ಮಿಂಗನ್ನೇ ನಂಬಿದ್ದು, ಅದರ ಸಂಖ್ಯೆ ಒಂದು ವರ್ಷ ತಡವಾಗಿ ಏರುತ್ತದೆ. ಆ ವಿಳಂಬವೇ ನಾಲ್ಕು ವರ್ಷಗಳ ಸುತ್ತನ್ನು ಹುಟ್ಟಿಸುತ್ತದೆ. ಉಳಿದ ಮೂರು ಲೆಮ್ಮಿಂಗ್ ಹೆಚ್ಚಿದ ಕಡೆ ಕೂಡಲೇ ಬಂದು ಸೇರಿ ಏರಿಕೆಗೆ ತಡೆ ಹಾಕುತ್ತವೆ. ಬೇಟೆಗಾರರೆಲ್ಲ ಒಂದೇ ಬಗೆಯವರಲ್ಲ. ಕೆಲವರು ಏರಿಳಿತ ಹುಟ್ಟಿಸುತ್ತಾರೆ, ಕೆಲವರು ತಣಿಸುತ್ತಾರೆ.

ಇಷ್ಟು ಅಚ್ಚುಕಟ್ಟಾಗಿ ಅರ್ಥವಾದ ಈ ಸುತ್ತು 2000ದ ಸುಮಾರಿಗೆ ಅದೇ ಕಣಿವೆಯಲ್ಲಿ ನಿಂತುಹೋಯಿತು. ನಾರ್ವೆಯ ಫಿನ್ಸೆ ಬೆಟ್ಟಗಳಲ್ಲಿ ಮೂರರಿಂದ ಐದು ವರ್ಷಕ್ಕೊಮ್ಮೆ ಬರುತ್ತಿದ್ದ ಲೆಮ್ಮಿಂಗ್ ಶಿಖರಗಳು 1994ರ ನಂತರ ಕಾಣೆಯಾದವು. ಕಾರಣ ಹಿಮದ ಗುಣದಲ್ಲಿತ್ತು. ಲೆಮ್ಮಿಂಗ್‌ಗಳು ಚಳಿಗಾಲ ಕಳೆಯುವುದು, ಮರಿ ಹಾಕುವುದು ನೆಲಕ್ಕೂ ಹಿಮಕ್ಕೂ ನಡುವಿನ ಸಣ್ಣ ಖಾಲಿ ಜಾಗದಲ್ಲಿ. ಚಳಿಗಾಲದ ನಡುವೆ ಬಿಸಿಯೇರಿ ಹಿಮ ಕರಗಿ ಮತ್ತೆ ಗಡ್ಡೆಕಟ್ಟಿದರೆ ಆ ಜಾಗವೇ ಮುಚ್ಚಿಹೋಗುತ್ತದೆ. ಪಾಚಿಯೂ ಹುಲ್ಲೂ ಮಂಜುಗಡ್ಡೆಯಡಿ ಸಿಕ್ಕಿಕೊಳ್ಳುತ್ತವೆ. ಲೆಮ್ಮಿಂಗ್ ಇಲ್ಲದ ಕಡೆ ಹಿಮಗೂಬೆ ಗೂಡು ಕಟ್ಟುವುದಿಲ್ಲ. ಹವಾಮಾನ ಬದಲಾವಣೆ ಎಂದರೆ ಬಿಸಿಲು ಹೆಚ್ಚುವುದಷ್ಟೇ ಅಲ್ಲ, ಸಾವಿರಾರು ವರ್ಷಗಳ ಸಂಬಂಧವೊಂದು ತನ್ನ ಲಯವನ್ನೇ ಕಳೆದುಕೊಳ್ಳುವುದೂ ಹೌದು.

ದ್ವೀಪವೊಂದರ ಆರು ದಶಕ

ಅಮೆರಿಕದ ಸುಪೀರಿಯರ್ ಸರೋವರದಲ್ಲಿ 544 ಚದರ ಕಿಲೋಮೀಟರಿನ ಐಲ್ ರಾಯಲ್ ದ್ವೀಪವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೂಸ್ ಎಂಬ ಭಾರೀ ಜಿಂಕೆಗಳು ಅಲ್ಲಿಗೆ ಬಂದು ನೆಲೆಸಿದವು. 1940ರ ದಶಕದ ಕೊನೆಗೆ ಸರೋವರದ ಮೇಲಿನ ಮಂಜುಗಡ್ಡೆಯನ್ನು ದಾಟಿ ತೋಳಗಳು ಬಂದವು. 1958ರಲ್ಲಿ ಡರ್ವರ್ಡ್ ಆಲನ್ ಆರಂಭಿಸಿದ ಅಧ್ಯಯನವನ್ನು ಡೇವಿಡ್ ಮೆಕ್, ರೋಲ್ಫ್ ಪೀಟರ್‌ಸನ್, ಜಾನ್ ವುಸೆಟಿಕ್ ಮುಂತಾದವರು ಮುಂದುವರಿಸಿದರು. ತೋಳ ಮತ್ತು ಮೂಸ್ ಒಂದು ಸಮತೋಲನಕ್ಕೆ ಬಂದು ನಿಲ್ಲುತ್ತವೆ ಎಂಬ ನಿರೀಕ್ಷೆ ಮೊದಲ ದಶಕದಲ್ಲಿತ್ತು. ಅವು ಎಂದೂ ಹಾಗೆ ನಿಲ್ಲಲಿಲ್ಲ.

1980ರಲ್ಲಿ 50 ಇದ್ದ ತೋಳಗಳು ನಾಯಿಗಳಿಂದ ಬಂದ ಪಾರ್ವೊ ವೈರಸ್‌ಗೆ ಸಿಕ್ಕಿ ಎರಡು ವರ್ಷಗಳಲ್ಲಿ 14ಕ್ಕೆ ಇಳಿದವು. ಮೂಸ್‌ಗಳು ಏರುತ್ತ 1990ರ ದಶಕದ ನಡುವೆ 2,400 ಮುಟ್ಟಿದವು. 1996ರ ಭೀಕರ ಚಳಿಗಾಲದಲ್ಲಿ ಹಸಿವು ಮತ್ತು ಉಣ್ಣಿಗಳ ಕಾಟದಿಂದ ಸುಮಾರು 500ಕ್ಕೆ ಕುಸಿದವು. 1997ರಲ್ಲಿ ಒಂದೇ ಒಂದು ಗಂಡುತೋಳ ಮಂಜುಗಡ್ಡೆ ದಾಟಿ ಬಂತು. ಅದರ ಹೊಸ ರಕ್ತದಿಂದ ತೋಳಗಳು ಕೆಲಕಾಲ ಚೇತರಿಸಿಕೊಂಡವು. ಆಮೇಲೆ ಬೆಚ್ಚಗಿನ ಚಳಿಗಾಲಗಳಲ್ಲಿ ಸರೋವರ ಹೆಪ್ಪುಗಟ್ಟುವುದೇ ಅಪರೂಪವಾಗಿ, ರಕ್ತಸಂಬಂಧಿಗಳ ನಡುವಿನ ಕೂಡುವಿಕೆಯಿಂದ ಬೆನ್ನುಮೂಳೆಯ ದೋಷಗಳು ಹೆಚ್ಚಿ, ಕೊನೆಗೆ ಉಳಿದದ್ದು ಎರಡೇ ತೋಳ. 2018 ಮತ್ತು 2019ರಲ್ಲಿ ಹೊರಗಿನಿಂದ 19 ತೋಳಗಳನ್ನು ತಂದು ಬಿಡಲಾಯಿತು.

ಈ ದ್ವೀಪದಿಂದ ಬಂದ ಅತ್ಯಮೂಲ್ಯ ತಿಳಿವು ಮೂಳೆಗಳಲ್ಲಿತ್ತು. ಸಂಶೋಧಕರು ಸ್ವಯಂಸೇವಕರೊಡನೆ ಕಾಡು ಸುತ್ತಿ ಸಾವಿರಾರು ಮೂಸ್‌ಗಳ ಅಸ್ಥಿಪಂಜರ ಕೂಡಿಹಾಕಿದರು. ಹಲ್ಲಿನಿಂದ ವಯಸ್ಸು ತಿಳಿದರು, ಕೀಲುಗಳನ್ನು ನೋಡಿದರು. ತೋಳಗಳು ಕೊಂದದ್ದು ಹೆಚ್ಚಾಗಿ ಕರುಗಳನ್ನು ಮತ್ತು ಮುದಿ ಮೂಸ್‌ಗಳನ್ನು. ಆ ಮುದಿ ಮೂಸ್‌ಗಳಲ್ಲಿ ಅನೇಕಕ್ಕೆ ಸಂಧಿವಾತವಿತ್ತು. 2010ರ ವಿಶ್ಲೇಷಣೆಯಲ್ಲಿ ತಿಳಿದುಬಂದದ್ದು ಇನ್ನೂ ಆಳವಾದದ್ದು: ಮೂಸ್‌ಗಳ ಸಂಖ್ಯೆ ಮಿತಿಮೀರಿದ, ಮೇವು ಸಾಲದ ವರ್ಷಗಳಲ್ಲಿ ಹುಟ್ಟಿ ಅರೆಹೊಟ್ಟೆಯಲ್ಲಿ ಬೆಳೆದ ಕರುಗಳೇ ವಯಸ್ಸಾದಾಗ ಸಂಧಿವಾತಕ್ಕೆ ತುತ್ತಾಗಿದ್ದವು. ಹನ್ನೆರಡನೆಯ ವಯಸ್ಸಿನಲ್ಲಿ ಕುಂಟುತ್ತ ತೋಳದ ಬಾಯಿಗೆ ಬಿದ್ದ ಮೂಸ್‌ನ ಸಾವನ್ನು ಯಾರ ಲೆಕ್ಕಕ್ಕೆ ಬರೆಯುವುದು? ಕೊಂದದ್ದು ತೋಳ, ಆದರೆ ಅದನ್ನು ಸಿದ್ಧಪಡಿಸಿದ್ದು ಬಾಲ್ಯದ ಹಸಿವು.

ಕಾರಿಬೂಗೆ ನಿಜವಾದ ಶತ್ರು

ಈ ಎಲ್ಲ ಅರಿವನ್ನು ಹೊತ್ತು ಕಾರಿಬೂಗಳ ಕಡೆ ಬರಬೇಕು. ಕಾಡಿನ ಕಾರಿಬೂ ಹಳೆಯ ಕಾಡಿನ ಕಲ್ಲುಹೂಗಳನ್ನು ತಿಂದು ಬದುಕುತ್ತದೆ. ಅಂಥ ಕಡೆ ಮೂಸ್‌ಗೂ ಇತರ ಜಿಂಕೆಗಳಿಗೂ ಮೇವು ಕಡಿಮೆ, ಆದ್ದರಿಂದ ತೋಳಗಳೂ ಕಡಿಮೆ. ದೂರವಿರುವುದೇ ಕಾರಿಬೂಗೆ ರಕ್ಷಣೆಯಾಗಿತ್ತು. ಹಳೆಯ ಮರ ಕಡಿದಾಗ ಎಳೆಯ ಪೊದೆ ಬೆಳೆಯುತ್ತದೆ; ಪೊದೆಗೆ ಮೂಸ್ ಮತ್ತು ಜಿಂಕೆ ಬರುತ್ತವೆ; ಅವುಗಳ ಹಿಂದೆ ತೋಳ. ಜಿಂಕೆಗಳ ಬಲದಿಂದ ಹೆಚ್ಚಿದ ತೋಳ ಹಾದಿಯಲ್ಲಿ ಸಿಕ್ಕ ಕಾರಿಬೂವನ್ನೂ ಮುಗಿಸುತ್ತದೆ. ವರ್ಷಕ್ಕೊಂದೇ ಕರು ಹಾಕುವ ಕಾರಿಬೂ ಆ ನಷ್ಟವನ್ನು ತುಂಬಿಕೊಳ್ಳಲಾರದು. ತೈಲನಿಕ್ಷೇಪ ಹುಡುಕಲು ಕಾಡಿನಲ್ಲಿ ಸೀಳಿದ ನೇರ ಪಟ್ಟಿಗಳು ತೋಳಗಳಿಗೆ ಹೆದ್ದಾರಿಗಳಾಗಿವೆ. ಒಂದು ಜಾತಿಯ ಏಳಿಗೆ ಬೇಟೆಗಾರನ ಮೂಲಕ ಇನ್ನೊಂದನ್ನು ಅಳಿಸುವ ಈ ಬಗೆಯನ್ನು ರಾಬರ್ಟ್ ಹೋಲ್ಟ್ 1977ರಲ್ಲೇ ಗಣಿತದಲ್ಲಿ ತೋರಿಸಿದ್ದರು.

ತೋಳ ಹತ್ಯೆಯ ಫಲ? ಆಲ್ಬರ್ಟಾದ ಲಿಟಲ್ ಸ್ಮೋಕಿ ಹಿಂಡಿನ ಕುಸಿತ ನಿಂತಿತು, ಆದರೆ ಹಿಂಡು ಬೆಳೆಯಲಿಲ್ಲ. ಅಮೆರಿಕ–ಕೆನಡಾ ಗಡಿಯ ಸೌತ್ ಸೆಲ್ಕರ್ಕ್ ಹಿಂಡಿನ ವಿಷಯದಲ್ಲಿ ಕಾರ್ಯಾಚರಣೆ ಆರಂಭವಾಗುವಷ್ಟರಲ್ಲಿ ಕಾಲ ಮಿಂಚಿತ್ತು. 2019ರಲ್ಲಿ ಆ ಹಿಂಡೇ ಇಲ್ಲವಾಯಿತು. ಭರವಸೆ ಮೂಡಿಸಿದ್ದು ಬ್ರಿಟಿಷ್ ಕೊಲಂಬಿಯಾದ ಕ್ಲಿನ್ಸೆ–ಜಾ ಹಿಂಡು. ವೆಸ್ಟ್ ಮೋಬರ್ಲಿ ಮತ್ತು ಸೋಲ್ಟೋ ಎಂಬ ಎರಡು ಮೂಲನಿವಾಸಿ ಸಮುದಾಯಗಳು ತಾವೇ ಮುಂದಾದವು. ಬಸುರಿ ಕಾರಿಬೂಗಳನ್ನು ಚಳಿಗಾಲದ ಕೊನೆಗೆ ಹಿಡಿದು ತಂದು ಬೆಟ್ಟದ ಮೇಲಿನ ಆವರಣದಲ್ಲಿಟ್ಟರು. ಸಮುದಾಯದವರು ಕಾಡಿನಲ್ಲಿ ಕೈಯಾರೆ ಕಿತ್ತು ತಂದ ಕಲ್ಲುಹೂ ತಿನ್ನಿಸಿದರು. ಕರುಗಳು ಗಟ್ಟಿಯಾದ ಮೇಲೆ ಬಿಟ್ಟರು. ಜೊತೆಗೆ ತೋಳಗಳನ್ನೂ ಕಡಿಮೆ ಮಾಡಿದರು. 2013ರಲ್ಲಿ 38 ಇದ್ದ ಹಿಂಡು 2021ಕ್ಕೆ 101 ಆಯಿತು. ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ; ಸರ್ಕಾರಗಳೊಡನೆ 2020ರಲ್ಲಿ ಒಪ್ಪಂದ ಮಾಡಿಕೊಂಡು ಕಾರಿಬೂಗಳ ನೆಲವನ್ನೂ ಕಾಯುವ ವ್ಯವಸ್ಥೆ ತಂದರು. ನೆಲ ಉಳಿಯದಿದ್ದರೆ ತೋಳಗಳನ್ನು ಕೊಲ್ಲುವುದಕ್ಕೆ ಕೊನೆಯೇ ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಕಾಲವೇ ಬೇಕು

ನೂರು ವರ್ಷಗಳ ಈ ಕೆಲಸ ಒಂದು ಮಾತನ್ನು ಖಚಿತವಾಗಿ ಹೇಳುತ್ತದೆ: ಬೇಟೆ–ಬೇಟೆಗಾರ ಸಂಬಂಧ ಎಂಬುದು ಇಬ್ಬರ ನಡುವಿನ ಸಂಬಂಧವೇ ಅಲ್ಲ. ಅದರಲ್ಲಿ ಕನಿಷ್ಠ ಮೂರು ಮಟ್ಟಗಳಿವೆ, ಮೇಲೆ ಹಿಮವಿದೆ, ರೋಗವಿದೆ, ಭಯವಿದೆ, ಈಗ ಮನುಷ್ಯ ಕಡಿದ ದಾರಿಗಳಿವೆ. ತೋಳವನ್ನು ಕೊಲ್ಲುವುದು ಕೆಲವೊಮ್ಮೆ ಒಂದು ಹಿಂಡಿಗೆ ಉಸಿರಾಡಲು ಸಮಯ ಕೊಡಬಹುದು, ಅದು ಪರಿಹಾರವಲ್ಲ. ಮರ ಕಡಿಯುವುದನ್ನೂ ತೈಲದ ಪಟ್ಟಿ ಸೀಳುವುದನ್ನೂ ಮುಂದುವರಿಸಿಕೊಂಡು ತೋಳದ ಮೇಲೆ ತಪ್ಪು ಹೊರಿಸುವ ಸರ್ಕಾರ ವಿಜ್ಞಾನದ ಅರ್ಧವನ್ನಷ್ಟೇ ಓದಿದೆ.

ನಮ್ಮ ಕಾಡುಗಳಿಗೂ ಈ ಪಾಠ ಹೊರಗಿನದಲ್ಲ. ನಾಗರಹೊಳೆಯಲ್ಲಿ ದಶಕಗಳ ಕಾಲ ಹುಲಿಯನ್ನೂ ಅದರ ಬಲಿಪ್ರಾಣಿಗಳನ್ನೂ ಒಟ್ಟಿಗೆ ಎಣಿಸಿದ ಉಲ್ಲಾಸ ಕಾರಂತ ಮತ್ತು ಸಂಗಡಿಗರು 2004ರಲ್ಲಿ ದೇಶದ ಹಲವು ಕಾಡುಗಳ ಅಂಕಿಗಳಿಂದ ತೋರಿಸಿದ್ದು, ಹುಲಿಗಳ ಸಾಂದ್ರತೆಯನ್ನು ಬಲಿಪ್ರಾಣಿಗಳ ಸಾಂದ್ರತೆಯಿಂದ ಅಂದಾಜಿಸಬಹುದು ಎಂಬುದನ್ನು. ಕಡವೆ, ಕಾಟಿಗಳಿಗೆ ಮೇವು ಮತ್ತು ನೆಮ್ಮದಿ ಇಲ್ಲದ ಕಡೆ ಹುಲಿ ಸಂರಕ್ಷಣೆಯ ಮಾತು ಬರೀ ಮಾತು. ಕ್ಲುವಾನಿಯ ಹತ್ತು ವರ್ಷ, ಐಲ್ ರಾಯಲ್‌ನ ಆರು ದಶಕ, ಹಡ್ಸನ್ಸ್ ಬೇಯ ಶತಮಾನಗಳ ಕಡತ ಇವೆಲ್ಲ ಅರ್ಥ ಕೊಟ್ಟದ್ದು ಎಣಿಕೆ ನಿಲ್ಲದೆ ನಡೆದದ್ದರಿಂದ. ಮೂರು ವರ್ಷದ ಯೋಜನೆಗೆ ಹಣ ಕೊಟ್ಟು ನಾಲ್ಕನೆಯ ವರ್ಷ ಕೈಬಿಡುವ ವ್ಯವಸ್ಥೆ ಹತ್ತು ವರ್ಷದ ಸುತ್ತನ್ನು ಎಂದೂ ಕಾಣಲಾರದು. ಒಂದು ಪ್ರಾಣಿಯನ್ನು ಕೊಲ್ಲಲು, ಹಿಡಿಯಲು, ಸ್ಥಳಾಂತರಿಸಲು ಆಜ್ಞೆ ಹೊರಡಿಸುವ ಮುನ್ನ ಆ ಕಾಡಿನ ಗಿಡದಿಂದ ಹಿಡಿದು ಬೇಟೆಗಾರನವರೆಗಿನ ದೀರ್ಘಕಾಲದ ಲೆಕ್ಕವನ್ನು ನಾಗರಿಕರು ಕೇಳಬೇಕು. ಆ ಲೆಕ್ಕ ಇಲ್ಲದಿದ್ದರೆ ಅದನ್ನು ಇಂದೇ ಬರೆಯಲು ಆರಂಭಿಸುವಂತೆ ಒತ್ತಾಯಿಸಬೇಕು.